ಜರ್ಮನಿಗೆ ಗೊತ್ತಿದ್ದ ರಮಾಮಣಿ ನಮ್ಮ ಕಮಿಟಿಗೆ ಗೊತ್ತಿಲ್ಲ

ಕಲ್ಯಾಣ-ಡೊಂಬಿವಲಿ ಕಡೆ ನಮ್ಮದೊಂದು ಸಣ್ಣ ಕನ್ನಡ ಬಳಗ ಇದೆ. ಹೋದ ವರ್ಷ ರಾಜ್ಯೋತ್ಸವದ ತಯಾರಿಗೆ ಮೀಟಿಂಗು ಸೇರಿದ್ದೆವು. ಎಂಟು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿರುವ ಹುಡುಗಿಯೊಬ್ಬಳು ಬಂದು, "ಅಂಕಲ್, ಹಂಸಧ್ವನಿಯಲ್ಲಿ ಒಂದು ಕೃತಿ ಹಾಡ್ತೀನಿ. ಜೊತೆಗೆ ನನ್ನ ಫ್ರೆಂಡ್ ಸ್ಯಾಕ್ಸೊಫೋನ್ ನುಡಿಸ್ತಾನೆ, ಮಧ್ಯೆ ಸ್ವಲ್ಪ ಜಾಜ್ ಥರ" ಅಂದಳು. ಹಿರಿಯರೊಬ್ಬರು, "ಅದೆಲ್ಲ ಇಲ್ಲಿ ಬೇಡಮ್ಮ, ಇದು ನಮ್ಮ ಸಂಸ್ಕೃತಿಯ ಕಾರ್ಯಕ್ರಮ" ಅಂದುಬಿಟ್ಟರು. ಮೂರು ಕರೋಕೆ ಹಾಡುಗಳಿಗೆ ಆಗಲೇ ಟೈಮ್ ಕೊಟ್ಟಾಗಿತ್ತು! ಲೆಕ್ಕದ ಪುಸ್ತಕ ಹಿಡಿದು ಕೂತಿದ್ದ ನಾನೂ ತಲೆಯಾಡಿಸಿದೆ.

ಆ ಹುಡುಗಿಯ ಮುಖ ಸಣ್ಣದಾಗಿದ್ದು ಮರೆಯಲಾಗಲಿಲ್ಲ. ಇಂಥದ್ದನ್ನು ಯಾರಾದರೂ ಮೊದಲೇ ಮಾಡಿದ್ದಾರಾ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬೆಂಗಳೂರಿನ ಆರ್.ಎ. ರಮಾಮಣಿಯವರ ಹಾಡುಗಾರಿಕೆ. ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರೋ, ನಾನಂತೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದರು. ಅವರ ಪತ್ನಿ ರಮಾಮಣಿ ಆ ತಂಡದ ಗಾಯಕಿ. ಮ್ಯೂನಿಕ್‌ನ ಎಂಬ್ರಿಯೋ ಎಂಬ ಬ್ಯಾಂಡು 1978-79ರಲ್ಲಿ ಬಸ್ಸಿನಲ್ಲೇ ಭಾರತದವರೆಗೆ ಬಂದಿತ್ತು. (ನಮಗೆ ಡೊಂಬಿವಲಿಯಿಂದ ವಾಶಿಗೆ ಬಸ್ಸಿನಲ್ಲಿ ಹೋಗಿಬಂದರೆ ಸೊಂಟ ಬಿದ್ದುಹೋಗುತ್ತೆ!) ಅವರ ಜೊತೆ ಈ ತಂಡ 1980ರಲ್ಲಿ ರೆಕಾರ್ಡು ಮಾಡಿತು. 1983ರಲ್ಲಿ ಮ್ಯೂನಿಕ್‌ನದೇ ಇಸಿಎಂ ಕಂಪನಿಯಿಂದ 'ಜ್ಯೋತಿ' ಆಲ್ಬಂ ಬಂತು. ಅದರಲ್ಲಿ ಸ್ಯಾಕ್ಸೊಫೋನ್ ಮತ್ತು ಕೊಳಲು ಚಾರ್ಲಿ ಮರಿಯಾನೋ ಅವರದು. ಬಾಸ್ಟನ್ನಿನಲ್ಲಿ ಹುಟ್ಟಿ, ಅಮೆರಿಕದ ಜಾಜ್‌ನಲ್ಲಿ ಹೆಸರು ಮಾಡಿ, ಐವತ್ತರ ಆಸುಪಾಸಿನಲ್ಲಿ ನಾಗಸ್ವರ ಕಲಿಯಲು ದಕ್ಷಿಣ ಭಾರತಕ್ಕೆ ಬಂದ ಮನುಷ್ಯ. ಆಮೇಲೆ ಜರ್ಮನಿಯಲ್ಲೇ ನೆಲೆಸಿ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು.

ಬೆಳಗಿನ ಲೋಕಲ್‌ನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದೆ. ಮೊದಲಿಗೇ ಬರುವುದು ರಮಾಮಣಿಯವರ ದನಿ. ಇಂಗ್ಲಿಷ್ ಪದ ಇಲ್ಲ, ಜಾಜ್ ಗಾಯಕಿಯರ ಅನುಕರಣೆ ಇಲ್ಲ. ಬೆಂಗಳೂರಿನ ಯಾವುದೋ ರಾಮನವಮಿ ಪೆಂಡಾಲಿನಲ್ಲಿ ಕೂತು ಆಲಾಪನೆ ಮಾಡಿದಂತೆಯೇ ಇದೆ. ಹೊಂದಿಕೊಳ್ಳಲು ಕಷ್ಟಪಟ್ಟವರು ಅಮೆರಿಕದವರು, ನಮ್ಮವರಲ್ಲ. ಜಾಜ್‌ನಲ್ಲಿ ಸಾಮಾನ್ಯವಾಗಿ ಕಾರ್ಡುಗಳು ಬದಲಾಗುತ್ತಾ ಹೋಗುತ್ತವೆ, ಸೋಲೋ ನುಡಿಸುವವನು ಅದರ ಹಿಂದೆ ಓಡಬೇಕು. ಇಲ್ಲಿ ತಂಬೂರಿಯ ಒಂದೇ ಷಡ್ಜ. ಮರಿಯಾನೋ ಆ ಶ್ರುತಿಯ ಮೇಲೆ ನಿಂತು ರಾಗದ ಬೇಲಿಯೊಳಗೆ ಉಸಿರು ಹಿಡಿದು ನುಡಿಸುತ್ತಾರೆ. ಮೃದಂಗ, ಘಟ, ಖಂಜಿರಗಳ ಜೊತೆಗೆ ಕೊನಕ್ಕೋಲೂ ಇದೆ. ನಮ್ಮ ಕಲ್ಪನಾಸ್ವರವೂ ಅವರ ಸೋಲೋ ಕೂಡ ವೇದಿಕೆಯ ಮೇಲೆಯೇ ಹುಟ್ಟುವುವು, ಲೆಕ್ಕ ತಪ್ಪದೆ ಎಡುಪಿಗೆ ಬಂದು ಸೇರಬೇಕು. ಮೂವತ್ತು ವರ್ಷ ದಿನದ ಲೆಕ್ಕ ತಾಳೆ ನೋಡಿದ ನನಗೆ ಅದು ಎಂಥ ಖುಷಿ ಅಂತ ಗೊತ್ತು!

ಫ್ಯೂಷನ್ ಅಂತ ಹೆಸರಿಟ್ಟುಕೊಂಡು ಗದ್ದಲ ಮಾಡುವವರೂ ಬೇಕಾದಷ್ಟಿದ್ದಾರೆ, ಒಪ್ಪುತ್ತೇನೆ. ಥಾಣೆಯ ಒಂದು ಮದುವೆಯಲ್ಲಿ 'ವಾತಾಪಿ'ಗೆ ಡಿಜೆ ಬೀಟ್ ಹಾಕಿದ್ದನ್ನು ಕೇಳಿ ಊಟ ಬಿಟ್ಟು ಎದ್ದುಬರೋಣ ಅನಿಸಿತ್ತು. ಆದರೆ ಅಲ್ಲಿ ಕೆಟ್ಟದ್ದು ಹಾಡಿದವರಿಗೆ ರಾಗ ಬಾರದೇ ಇದ್ದದ್ದರಿಂದ. ತನ್ನದು ಗಟ್ಟಿ ಇದ್ದವಳಿಗೆ ಪಕ್ಕದಲ್ಲಿ ಸ್ಯಾಕ್ಸೊಫೋನ್ ಇದ್ದರೇನು, ಶಹನಾಯಿ ಇದ್ದರೇನು?

ಇನ್ನೊಂದು ಮಾತು. ನಾವು 'ನಮ್ಮದು' ಅಂತ ಕರೋಕೆಯಲ್ಲಿ ಹಾಡುವ ಹಳೇ ಸಿನಿಮಾ ಹಾಡುಗಳಲ್ಲಿ ಜಾಜ್ ಇಲ್ಲವೇ? 1951ರ 'ಅಲಬೇಲಾ' ಹಾಡುಗಳಿಗೆ ಸಿ. ರಾಮಚಂದ್ರರ ಜೊತೆ ಕೆಲಸ ಮಾಡಿದ ಚಿಕ್ ಚಾಕೊಲೇಟ್ ಮುಂಬಯಿಯ ಗೋವನ್ ಜಾಜ್ ವಾದಕ. ನಮ್ಮ ಕಚೇರಿಯ ಪಿಟೀಲು ಯುರೋಪಿನದು. ಸ್ಯಾಕ್ಸೊಫೋನ್ ಅಂದರೆ ಕರಾವಳಿಯ ನಮ್ಮ ಹೋಟೆಲಿನವರಿಗೆ 2019ರಲ್ಲಿ ತೀರಿಕೊಂಡ ಕದ್ರಿ ಗೋಪಾಲನಾಥರೇ ನೆನಪಾಗುವುದು. ಕಮಿಟಿಯಲ್ಲೇ ನಾಲ್ಕು ಜನ ಮಂಗಳೂರಿನವರಿದ್ದೂ ಆ ದಿನ ಯಾರಿಗೂ ಕದ್ರಿಯವರ ನೆನಪಾಗಲಿಲ್ಲವಲ್ಲ!

ಊರು ಬಿಟ್ಟು ಬಂದವರಿಗೆ ಒಂದು ಭಯ ಇರುತ್ತೆ. ಮಕ್ಕಳು ಮರಾಠಿ ಶಾಲೆ, ಇಂಗ್ಲಿಷ್ ಕಾಲೇಜು ಅಂತ ಕೈತಪ್ಪಿ ಹೋಗುತ್ತಾರೇನೋ ಅಂತ. ಅದಕ್ಕೇ ವೇದಿಕೆಗೆ ಬೇಲಿ ಹಾಕುತ್ತೇವೆ. ಎಂಟು ವರ್ಷ ವರ್ಣ, ಕೀರ್ತನೆ ಕಲಿತು ತನ್ನ ಗೆಳೆಯನಿಗೆ ಹಂಸಧ್ವನಿ ಹೇಳಿಕೊಡುವಷ್ಟು ಬೆಳೆದ ಹುಡುಗಿಯನ್ನೇ ನಾವು ಬೇಲಿಯ ಹೊರಗೆ ನಿಲ್ಲಿಸಿದೆವು. ಅವಳು ಈಗ ನಮ್ಮ ಕಾರ್ಯಕ್ರಮಕ್ಕೆ ಬರುತ್ತಿಲ್ಲ. ಅವಳ ಅಮ್ಮ ಸ್ಟೇಷನ್ನಿನಲ್ಲಿ ಸಿಕ್ಕರೆ ನಕ್ಕು ಮುಂದೆ ಹೋಗುತ್ತಾರೆ.

ಈ ಸಲದ ಮೀಟಿಂಗಿನಲ್ಲಿ ಅವಳಿಗೆ ಹದಿನೈದು ನಿಮಿಷ ಕೊಡಬೇಕು ಅಂತ ಅಜೆಂಡಾದಲ್ಲಿ ಬರೆಸಿದ್ದೇನೆ. ಕರೋಕೆ ಹಾಡು ಒಂದು ಕಡಿಮೆಯಾದರೆ ಆಗಲಿ, ನನ್ನದೇ ತೆಗೆಯಿರಿ ಅಂದಿದ್ದೇನೆ. 'ಜ್ಯೋತಿ'ಯ ಲಿಂಕನ್ನು ಆ ಹಿರಿಯರಿಗೂ ವಾಟ್ಸಾಪ್‌ನಲ್ಲಿ ಕಳಿಸಿದೆ. ಎರಡು ನೀಲಿ ಗೆರೆ ಬಂದು ನಾಲ್ಕು ದಿನ ಆಯಿತು, ಉತ್ತರ ಇನ್ನೂ ಇಲ್ಲ.