ಡ್ರಮ್ಮಿನ ಸುಣ್ಣ, ಬ್ಯುರೆಟ್ಟಿನ ಹನಿ

ಮೇ ಕೊನೆಯ ವಾರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿ ಕೊಳೆ ಔಷಧಿಯ ತಯಾರಿ ಶುರುವಾಗುತ್ತದೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ಹಾಲು. ಎರಡನ್ನೂ ಕೂಡಿಸಿ ಕೋಲಿನಿಂದ ತಿರುವಿದ ಮೇಲೆ ಲಿಟ್ಮಸ್ ಕಾಗದದ ತುಂಡೊಂದನ್ನು ಅದ್ದಿ ನೋಡುತ್ತಾರೆ. ನೀಲಿ ಕಾಗದ ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕೆಂಪು ಕಾಗದ ನೀಲಿಗೆ ತಿರುಗಿದರೆ ಸಾಕು. ಪಿಯುಸಿ ಪ್ರಯೋಗಾಲಯದಲ್ಲಿ ಬ್ಯುರೆಟ್ ಹಿಡಿದು ಮಾಡುವ ಟೈಟ್ರೇಷನ್ನಿಗೂ ಈ ಕೆಲಸಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಹುಳಿ ಇರುವಲ್ಲಿಗೆ ಕ್ಷಾರ ಸೇರಿಸುತ್ತ ಹೋಗುವುದು, ಎಲ್ಲಿ ನಿಲ್ಲಿಸಬೇಕೆಂದು ಬಣ್ಣದಿಂದ ತಿಳಿಯುವುದು. ಆ ಬಣ್ಣ ತಿಳಿಸುವ ವಸ್ತುವೇ ಸೂಚಕ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಬೋರ್ಡೋ ದ್ರಾವಣವೇ ಈ ರೋಗಕ್ಕೆ ಮುಖ್ಯ ಮದ್ದು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ತೂಕ ಗೊತ್ತಿದ್ದ ಮೇಲೆ ಕಾಗದ ಏಕೆ ಬೇಕು? ಕಾರಣ ಸುಣ್ಣದಲ್ಲಿದೆ. ರಸಾಯನಶಾಸ್ತ್ರದ ಲೆಕ್ಕ ಹಾಕಿದರೆ ಒಂದು ಕೆ.ಜಿ. ಮೈಲುತುತ್ತಕ್ಕೆ ಸುಮಾರು 300 ಗ್ರಾಂ ಶುದ್ಧ ಅರಳಿದ ಸುಣ್ಣ ಸಾಕು. ಆದರೆ ಚೀಲದಲ್ಲಿ ಬರುವ ಸುಣ್ಣ ಶುದ್ಧವಾಗಿರುವುದಿಲ್ಲ. ಗಾಳಿಗೆ ತೆರೆದಿಟ್ಟರೆ ಅದು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣಕಲ್ಲಿನ ಪುಡಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ಕಳೆದ ವರ್ಷ ಉಳಿದ ಚೀಲಕ್ಕೂ ಈಗಷ್ಟೇ ಅರಳಿಸಿದ ಸುಣ್ಣಕ್ಕೂ ತಕ್ಕಡಿ ಒಂದೇ ತೂಕ ತೋರಿಸುತ್ತದೆ, ಕ್ಷಾರ ಮಾತ್ರ ಒಂದೇ ಆಗಿರುವುದಿಲ್ಲ. ಒಂದಕ್ಕೆ ಒಂದು ಎಂಬ ಪ್ರಮಾಣ ಇಂಥ ಅನಿಶ್ಚಿತತೆಗೆಂದೇ ಬಿಟ್ಟ ಅಂತರ. ಅಷ್ಟಾದರೂ ಸುಣ್ಣ ಸಾಲದೆ ಹೋದರೆ ಕರಗಿದ ತಾಮ್ರ ಹಾಗೆಯೇ ಉಳಿದು ಎಳೆಗಾಯಿ, ಸಿಂಗಾರ ಸುಡುತ್ತದೆ.

ಕಾಗದ ಇಲ್ಲದವರು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ದ್ರಾವಣದಲ್ಲಿ ಕರಗಿದ ತಾಮ್ರ ಉಳಿದಿದೆ ಎಂದರ್ಥ. ಒಳ್ಳೆಯ ಪರೀಕ್ಷೆಯೇ. ಆದರೆ ಅದು ತೋರಿಸುವುದು ತಾಮ್ರವನ್ನು, ಹುಳಿಯನ್ನಲ್ಲ.

ಈಗ ಸೂಚಕದ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಆರತಿ ತಟ್ಟೆಯ ಕೆಂಪು ನೀರು ಅರಿಶಿನ ಮತ್ತು ಸುಣ್ಣದಿಂದ ಆಗುವುದು ಎಲ್ಲರಿಗೂ ಗೊತ್ತು. ಆ ಕೆಂಪಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಒಂದು ದುರ್ಬಲ ಆಮ್ಲ. ಅದರ ಅಣು ತನ್ನಲ್ಲಿರುವ ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡಿದ್ದಾಗ ಹಳದಿ, ಕ್ಷಾರ ಅದನ್ನು ಕಿತ್ತುಕೊಂಡಾಗ ಕೆಂಪು. ಸೂಚಕಗಳೆಲ್ಲ ಇಂಥ ದುರ್ಬಲ ಆಮ್ಲಗಳು ಅಥವಾ ದುರ್ಬಲ ಪ್ರತ್ಯಾಮ್ಲಗಳು ಎಂದು 1890ರ ದಶಕದಲ್ಲಿ ವಿವರಿಸಿದವರು ಜರ್ಮನಿಯ ವಿಲ್ಹೆಲ್ಮ್ ಓಸ್ಟ್‌ವಾಲ್ಡ್. ಅಂದರೆ ಸೂಚಕ ಹೊರಗೆ ನಿಂತು ನೋಡುವ ಸಾಕ್ಷಿಯಲ್ಲ. ಅದೂ ಆಮ್ಲ–ಕ್ಷಾರದ ವ್ಯವಹಾರದಲ್ಲಿ ಪಾಲುದಾರ. ಫ್ಲಾಸ್ಕಿಗೆ ಎರಡು ಹನಿಗಿಂತ ಹೆಚ್ಚು ಸೂಚಕ ಹಾಕಬೇಡಿ ಎಂದು ಮೇಷ್ಟ್ರು ಹೇಳುವುದು ಇದಕ್ಕೇ. ಹೆಚ್ಚು ಹಾಕಿದರೆ ಅದರದ್ದೇ ಆಮ್ಲ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಬಣ್ಣ ತಿರುಗುವುದು ಒಂದು ಗೆರೆಯಲ್ಲಲ್ಲ, ಒಂದು ಪಟ್ಟಿಯಲ್ಲಿ. ರಸಸಾರದ, ಅಂದರೆ ಪಿಎಚ್‌ನ, ಸುಮಾರು ಎರಡು ಅಂಕಿಗಳಷ್ಟು ಅಗಲದ ಪಟ್ಟಿ ಅದು. ಮೀಥೈಲ್ ಆರೆಂಜ್ 3.1ರಿಂದ 4.4ರ ನಡುವೆ ಕೆಂಪಿನಿಂದ ಹಳದಿಗೆ ಹೋಗುತ್ತದೆ. ಫಿನಾಫ್ತಲೀನ್ 8.2ರಿಂದ 10ರ ನಡುವೆ ಬಣ್ಣವಿಲ್ಲದ ಸ್ಥಿತಿಯಿಂದ ಗುಲಾಬಿಯಾಗುತ್ತದೆ. ಲಿಟ್ಮಸ್‌ನದು ಇನ್ನೂ ಅಗಲ, 5ರಿಂದ 8. ರಸಸಾರದಲ್ಲಿ ಒಂದು ಅಂಕಿ ಎಂದರೆ ಹುಳಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ, ಎರಡು ಅಂಕಿ ಎಂದರೆ ನೂರು ಪಟ್ಟು. ಇಷ್ಟು ಸಡಿಲವಾದ ಸಾಧನದಿಂದ ಒಂದು ಹನಿಯ ನಿಖರತೆ ಹೇಗೆ ಸಿಗುತ್ತದೆ?

ಲೆಕ್ಕ ಹಾಕಿಯೇ ನೋಡಬೇಕು. ಫ್ಲಾಸ್ಕಿನಲ್ಲಿ 25 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲ, ಬ್ಯುರೆಟ್ಟಿನಲ್ಲಿ ಅಷ್ಟೇ ಸಾಂದ್ರತೆಯ ಕಾಸ್ಟಿಕ್ ಸೋಡ, ಎರಡೂ 0.1 ಮೋಲಾರ್. 20 ಮಿ.ಲೀ. ಬಿಟ್ಟರೂ ರಸಸಾರ 2ರ ಹತ್ತಿರವೇ ಇರುತ್ತದೆ. 24 ಮಿ.ಲೀ. ಆದಾಗ 2.7. ಇನ್ನು ಒಂದೇ ಹನಿ ಬಾಕಿ ಎನ್ನುವಾಗ, ಅಂದರೆ 24.95ರಲ್ಲಿ, 4. ಆ ಒಂದು ಹನಿ ಬಿದ್ದರೆ 7. ಅದರ ಮೇಲೆ ಮತ್ತೊಂದು ಬಿದ್ದರೆ ನೇರ 10. ಎರಡೇ ಹನಿಗಳಲ್ಲಿ ಹತ್ತು ಲಕ್ಷ ಪಟ್ಟು ಬದಲಾವಣೆ! ಫಿನಾಫ್ತಲೀನಿನ ಇಡೀ ಪಟ್ಟಿ ಆ ಜಿಗಿತದೊಳಗೆ ಮುಗಿದುಹೋಗುತ್ತದೆ. ಟೈಟ್ರೇಷನ್ನಿನ ನಿಖರತೆಗೆ ಕಾರಣ ಸೂಚಕದ ಸೂಕ್ಷ್ಮತೆಯಲ್ಲ, ಈ ಜಿಗಿತ. ಜಿಗಿತ ಎಲ್ಲಿದೆಯೋ ಅಲ್ಲಿ ಬಣ್ಣ ತಿರುಗಿಸುವ ಸೂಚಕವನ್ನು ಆರಿಸುವುದಷ್ಟೇ ನಮ್ಮ ಕೆಲಸ.

ಮತ್ತು ಆ ಜಿಗಿತ ಯಾವಾಗಲೂ 7ರ ಸುತ್ತಲೇ ಇರುವುದಿಲ್ಲ. ಬಣ್ಣ ಬದಲಾಯಿತೆಂದರೆ ದ್ರಾವಣ ತಟಸ್ಥವಾಯಿತು ಎಂದು ಶಾಲೆಯಲ್ಲಿ ಕಲಿತ ಮಾತು ನಮ್ಮನ್ನು ದಾರಿ ತಪ್ಪಿಸುವುದು ಇಲ್ಲಿ. ವಿನೆಗರ್‌ನಂಥ ದುರ್ಬಲ ಆಮ್ಲಕ್ಕೆ ಕಾಸ್ಟಿಕ್ ಸೋಡ ಸರಿಸಮವಾಗಿ ಸೇರಿದಾಗ ರಸಸಾರ 8.7ರ ಹತ್ತಿರ ಇರುತ್ತದೆ. ಫಿನಾಫ್ತಲೀನ್ ಅಲ್ಲಿಗೆ ಸರಿಯಾಗಿ ಹೊಂದುತ್ತದೆ. ಅದರ ಬದಲು ಮೀಥೈಲ್ ಆರೆಂಜ್ ಹಾಕಿದವರಿಗೆ ಮೂರನೇ ಒಂದು ಭಾಗದಷ್ಟು ಆಮ್ಲ ಕಳೆಯುವ ಹೊತ್ತಿಗೇ ಹಳದಿ ಬಣ್ಣ ಬಂದು ಕೆಲಸ ಮುಗಿದಂತೆ ಕಾಣುತ್ತದೆ. ಲೆಕ್ಕವೆಲ್ಲ ತಪ್ಪು. ಕೈಯಲ್ಲಿ ತಪ್ಪಿಲ್ಲ, ಬ್ಯುರೆಟ್ಟಿನಲ್ಲೂ ತಪ್ಪಿಲ್ಲ.

ಇದು ತರಗತಿಗಷ್ಟೇ ಸೇರಿದ ಮಾತಲ್ಲ. ನಿಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ‘ಲಭ್ಯ ಸಾರಜನಕ’ ಎಂಬ ಸಾಲಿದೆ. 1956ರಲ್ಲಿ ಸುಬ್ಬಯ್ಯ ಮತ್ತು ಅಸಿಜ ಪ್ರಕಟಿಸಿದ ವಿಧಾನವನ್ನು ಅನುಸರಿಸುವ ಪ್ರಯೋಗಾಲಯಗಳಲ್ಲಿ ಆ ಅಂಕಿ ಬರುವುದು ಟೈಟ್ರೇಷನ್ನಿನಿಂದಲೇ. 20 ಗ್ರಾಂ ಮಣ್ಣಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಕಾಸ್ಟಿಕ್ ಸೋಡ ಸೇರಿಸಿ ಕಾಯಿಸುತ್ತಾರೆ. ಹೊರಬರುವ ಅಮೋನಿಯ, ಬೋರಿಕ್ ಆಮ್ಲ ತುಂಬಿದ ಫ್ಲಾಸ್ಕಿಗೆ ಇಳಿಯುತ್ತದೆ. ಅದರಲ್ಲಿ ಬ್ರೋಮೋಕ್ರೆಸಾಲ್ ಗ್ರೀನ್ ಮತ್ತು ಮೀಥೈಲ್ ರೆಡ್ ಬೆರೆತ ಮಿಶ್ರ ಸೂಚಕ ಇರುತ್ತದೆ. ದ್ರಾಕ್ಷಾರಸದ ಕೆಂಪಿದ್ದದ್ದು ಅಮೋನಿಯ ಸೇರುತ್ತಿದ್ದಂತೆ ಹಸಿರಾಗುತ್ತದೆ. ಬಳಿಕ 0.02 ನಾರ್ಮಲ್ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟು ಮತ್ತೆ ಕೆಂಪು ಮರಳಿದಾಗ ನಿಲ್ಲಿಸುತ್ತಾರೆ. ಆ ಕೊನೆಯ ಬಿಂದು ಇರುವುದು ರಸಸಾರ 5ರ ಆಸುಪಾಸಿನಲ್ಲಿ. ಇಲ್ಲಿ ಫಿನಾಫ್ತಲೀನ್ ಹಾಕಿದ್ದರೆ ಮೊದಲಿನಿಂದ ಕೊನೆಯವರೆಗೂ ಯಾವ ಬಣ್ಣವೂ ಕಾಣುತ್ತಿರಲಿಲ್ಲ.

ಈ ವಿಧಾನದಲ್ಲಿ ಒಂದು ಮಿ.ಲೀ. ಆಮ್ಲ ಎಂದರೆ ಹೆಕ್ಟೇರಿಗೆ ಸುಮಾರು 31 ಕೆ.ಜಿ. ಸಾರಜನಕ. ಒಂದು ಹನಿ ಎಂದರೆ ಒಂದೂವರೆ ಕೆ.ಜಿ. ಹೆಕ್ಟೇರಿಗೆ 280 ಕೆ.ಜಿ.ಗಿಂತ ಕೆಳಗಿದ್ದರೆ ‘ಕಡಿಮೆ’, ಅದನ್ನು ದಾಟಿದರೆ ‘ಮಧ್ಯಮ’. ಗೆರೆಯ ಹತ್ತಿರದ ಮಣ್ಣಾದರೆ ಬಣ್ಣ ನೋಡುವವರ ಕಣ್ಣು ನಾಲ್ಕು ಹನಿ ತಡಮಾಡಿದರೂ ಸಾಕು, ಚೀಟಿಯ ಪದವೇ ಬದಲಾಗಬಹುದು. ಇಂಥ ಹನಿಗಳನ್ನು ದಿನವಿಡೀ ತಾಳ್ಮೆಯಿಂದ ಎಣಿಸುವ ಪ್ರಯೋಗಾಲಯದ ಸಹಾಯಕರ ಕೆಲಸಕ್ಕೆ ನಾವು ಕೊಡುವ ಬೆಲೆ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಮತ್ತೆ ತೋಟದ ಸುಣ್ಣದ ವಿಷಯ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ, ಅದಕ್ಕೆ ಪೈಪೋಟಿ ಕೊಡುವ ಹುಲಿಕಲ್ ಇರುವ ಸೀಮೆ ನಮ್ಮದು. ಇಂಥ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದೊಯ್ದು ಹುಳಿ ಉಳಿಸುತ್ತದೆ. ರೈತರು ಪಿಎಚ್ ಪಟ್ಟಿ ಅದ್ದಿ 5.2 ಎಂದು ಕಂಡು, ಎಕರೆಗೆ ಎಷ್ಟು ಸುಣ್ಣ ಎಂದು ಕೇಳುತ್ತಾರೆ. ಪಟ್ಟಿಗೆ ಅದು ಗೊತ್ತಿಲ್ಲ. ಪಟ್ಟಿ ತೋರಿಸುವುದು ಆ ಕ್ಷಣದ ಹುಳಿಯ ತೀವ್ರತೆಯನ್ನು. ಮಣ್ಣಿನ ಕಣಗಳು ಒಳಗೆ ಹಿಡಿದಿಟ್ಟ ಹುಳಿಯ ದಾಸ್ತಾನು ಅದಕ್ಕೆ ಕಾಣುವುದಿಲ್ಲ. ಗರಸು ಮಣ್ಣಿನಲ್ಲಿ ಆ ದಾಸ್ತಾನು ಸಣ್ಣದು, ಸೊಪ್ಪು–ಗೊಬ್ಬರ ಉಂಡ ಜಿಗುಟು ಮಣ್ಣಿನಲ್ಲಿ ದೊಡ್ಡದು. ಎರಡರ ರಸಸಾರವೂ 5.2 ಇರಬಹುದು, ಬೇಕಾದ ಸುಣ್ಣದಲ್ಲಿ ಮಾತ್ರ ಬಹಳ ಅಂತರ. ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಳೆದು ಸೇರಿಸಿದಾಗ ಮಾತ್ರ. ಕೆಸರಿನಲ್ಲಿ ಸೂಚಕದ ಬಣ್ಣ ಕಾಣದಿರುವುದರಿಂದ ಪ್ರಯೋಗಾಲಯದವರು ಅದಕ್ಕೆ ಬಫರ್ ದ್ರಾವಣ ಮತ್ತು ಪಿಎಚ್ ಮೀಟರ್ ಬಳಸುತ್ತಾರೆ. ಮಣ್ಣು ಪರೀಕ್ಷೆಗೆ ಕೊಡುವಾಗ ರಸಸಾರದ ಜೊತೆಗೆ ‘ಸುಣ್ಣದ ಅಗತ್ಯ’ದ ಅಂಕಿಯನ್ನೂ ಬರೆದುಕೊಡಿ ಎಂದು ಕೇಳಿ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇರುವಾಗ ಈ ಪ್ರಶ್ನೆ ಕೇಳಲು ದೂರ ಹೋಗಬೇಕಿಲ್ಲ.