ಪಂಚಾಯಿತಿಯಿಂದ ಮನೆಯವರೆಗೆ: ಗ್ರಾಮೀಣ ಫೈಬರ್ ಸಂಪರ್ಕ

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುತ್ತದೆ. ಇಂತಹ ಗ್ರಾಮಗಳ ಮನೆಗಳಿಗೂ ವೇಗದ ಅಂತರಜಾಲ ದೊರೆಯಬೇಕೆಂಬ ಅಪೇಕ್ಷೆ ಸಹಜವಾದುದು. ಆದರೆ 2011ರಲ್ಲಿ ಕೇಂದ್ರ ಸರ್ಕಾರವು ಅನುಮೋದಿಸಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ ಮೊದಲ ಗುರಿ ಮನೆಯಾಗಿರಲಿಲ್ಲ; ಗ್ರಾಮ ಪಂಚಾಯಿತಿ ಕಚೇರಿಯಾಗಿತ್ತು. ಕಚೇರಿಯಿಂದ ಮನೆಯವರೆಗಿನ ಅಲ್ಪ ದೂರವೇ ದೀರ್ಘಕಾಲ ಬಾಕಿ ಉಳಿಯಿತು.

ಮುಂದೆ ಭಾರತ್‌ನೆಟ್ ಎಂದು ಹೆಸರಾದ ಈ ಯೋಜನೆಯಲ್ಲಿ ಕೇಬಲ್ ಬಹುತೇಕ ಒಂದೇ ಎಳೆಯಾಗಿ ಸಾಗುತ್ತಿತ್ತು. ರಸ್ತೆ ಅಗೆಯುವಾಗ ಒಂದೆಡೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲವೂ ಸಂಪರ್ಕ ಕಳೆದುಕೊಳ್ಳುತ್ತಿದ್ದವು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ವೆಚ್ಚದಲ್ಲಿ ಅನುಮೋದನೆಗೊಂಡ ಪರಿಷ್ಕೃತ ಯೋಜನೆಯು ವರ್ತುಲಾಕಾರದ ಜಾಲವನ್ನು ಸೂಚಿಸುತ್ತದೆ. ಒಂದು ಬದಿ ಕಡಿದರೂ ಇನ್ನೊಂದು ಬದಿಯಿಂದ ಸಂಪರ್ಕ ಮುಂದುವರಿಯುತ್ತದೆ. ಗ್ರಾಮೀಣ ಮನೆಗಳಿಗೆ 1.5 ಕೋಟಿ ಫೈಬರ್ ಸಂಪರ್ಕ ನೀಡುವ ಗುರಿಯೂ ಇದರಲ್ಲಿದೆ. ಮೊದಲೇ ಆಗಬೇಕಿದ್ದ ತಿದ್ದುಪಡಿ ಇದು.

ತಾಮ್ರದ ತಂತಿಯಲ್ಲಿ ದೂರವಾಣಿ ಕೇಂದ್ರದಿಂದ ದೂರ ಹೆಚ್ಚಿದಂತೆ ವೇಗ ಕುಗ್ಗುತ್ತದೆ. ಫೈಬರ್‌ನಲ್ಲಿ ಹಳ್ಳಿಯ ದೂರ ಅಷ್ಟಾಗಿ ಬಾಧಿಸದು. ಆದರೆ ಮನೆಯಲ್ಲಿ ಅಳವಡಿಸುವ ಪೆಟ್ಟಿಗೆಗೆ ವಿದ್ಯುತ್ ಅಗತ್ಯ. ಕರೆಂಟ್ ಹೋದರೆ ಸಂಪರ್ಕವೂ ನಿಲ್ಲುತ್ತದೆ. ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ ವೈಫೈ ಒಳಕೋಣೆಗೆ ಕ್ಷೀಣವಾಗಿ ತಲುಪುತ್ತದೆ. ಆದ್ದರಿಂದ ವೇಗ ಸಾಲದೆಂದು ದೂರು ನೀಡುವ ಮೊದಲು, ಪೆಟ್ಟಿಗೆಗೆ ನೇರವಾಗಿ ಕೇಬಲ್ ಜೋಡಿಸಿ ಪರೀಕ್ಷಿಸುವುದು ಸೂಕ್ತ.