ವನಸ್ಪತಿಯ ಡಬ್ಬಿಯೂ ಗಣಕಯಂತ್ರವೂ

ಅಡಿಗೆಮನೆಯ ವನಸ್ಪತಿಗೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ನಮ್ಮ ವಾಚಕ ಭಗಿನಿಯರು ಕೇಳಬಹುದು. ಸಂಬಂಧವುಂಟು; ಅದರ ಹೆಸರು ವಿಪ್ರೋ. 1945ರಲ್ಲಿ ಮಹಮ್ಮದ್ ಹಶಮ್ ಪ್ರೇಮ್‌ಜಿಯವರು ಖಾನದೇಶದ ಅಮಳನೇರಿನಲ್ಲಿ ಸ್ಥಾಪಿಸಿದ ‘ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್’ ಎಂಬ ವನಸ್ಪತಿಯ ಕಾರ್ಖಾನೆಯೇ ಇದರ ಮೂಲವು. 1966ರಲ್ಲಿ ಅವರು ಗತಿಸಲು, ಅಮೇರಿಕೆಯಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಮಗ ಅಜೀಮರು ವಿದ್ಯಾಭ್ಯಾಸವನ್ನು ನಿಲ್ಲಿಸಿ ಬಂದು ಭಾರವನ್ನು ಹೊತ್ತರು.

ಆಗ ನಮ್ಮ ದೇಶದ ಗಣಕಯಂತ್ರಗಳಲ್ಲಿ ಬಹುಪಾಲು ಅಮೇರಿಕೆಯ ಐ.ಬಿ.ಎಂ. ಸಂಸ್ಥೆಯವು, ಅವೂ ಹೆಚ್ಚಾಗಿ ಬಾಡಿಗೆಗೆ ಕೊಟ್ಟವು. 1973ರ ವಿದೇಶೀ ವಿನಿಮಯದ ಕಾಯಿದೆಯು ಪರದೇಶದವರ ಒಡೆತನವು ನೂರಕ್ಕೆ 40ಕ್ಕಿಳಿಯಬೇಕೆಂದು ವಿಧಿಸಿತು. ಇದಕ್ಕೊಪ್ಪದೆ ಆ ಸಂಸ್ಥೆಯು 1978ರಲ್ಲಿ ಹೊರಟುಹೋಯಿತು. ಬಾಡಿಗೆಯ ಮನೆಯವನಿಗೆ ಬೀಗದ ಕೈಯೇ ಇಲ್ಲದ ಸ್ಥಿತಿ! ತೆರವಾದ ಆ ಸ್ಥಾನಕ್ಕೆ ಬಂದ ಸ್ವದೇಶೀಯರಲ್ಲಿ ವಿಪ್ರೋ ಒಂದು. 1981ರಲ್ಲಿ ಇಂಟೆಲ್ 8086 ಎಂಬ ಚಿಪ್ಪನ್ನು ಹೃದಯವಾಗುಳ್ಳ ಅದರ ಯಂತ್ರವು ಹೊರಬಂದಿತು. ಮುಂದೆ ಮೈಸೂರಿನಲ್ಲಿ ಕಾರ್ಖಾನೆಯೂ ಆಯಿತು. ಚಿಪ್ಪು ಪರದೇಶದ್ದೇ, ನಿಜ. ಆದರೆ ರಚನೆ, ಜೋಡಣೆ, ದುರಸ್ತಿಗಳ ವಿದ್ಯೆಯು ನಮ್ಮ ತರುಣರ ಕೈಗೆ ಹತ್ತಿತು. ಆಸ್ತಿಯೆಂಬುದು ಇದೇ ಎಂದು ನನ್ನ ಎಣಿಕೆ.

1991ರ ತರುವಾಯ ಪರದೇಶದ ಮಾಲು ಸುಲಭವಾಗಿ ಒಳಬಂದಿತು. ವಿಪ್ರೋಗಾದರೋ ತಂತ್ರಾಂಶದ ಕೆಲಸದಲ್ಲಿ ಲಾಭವು ಹೆಚ್ಚಾಯಿತು. ತನ್ನ ಹೆಸರಿನ ಗಣಕಯಂತ್ರಗಳ ನಿರ್ಮಾಣವನ್ನು ಅದು 2013ರಲ್ಲಿ ನಿಲ್ಲಿಸಿತು. ವರ್ತಕನ ಲೆಕ್ಕಕ್ಕೆ ಇದು ಸರಿಯೇ. ಗುರುವಿನ ಲೆಕ್ಕ ಬೇರೆ. ದಾಂಡೇಲಿಯ ಬಾಲಕನಿಗೆ ಮರದ ತಿರುಳು ಕಾಗದವಾಗುವ ಬಗೆಯನ್ನು ತಿಳಿಸುವವರು ಊರಿನಲ್ಲಿಯೇ ಇದ್ದಾರೆ. ಹಳಿಯಾಳದ ಬಾಲಕಿಯೊಬ್ಬಳು ಗಣಕಯಂತ್ರದ ಮುಚ್ಚಳವನ್ನು ತೆರೆದು ‘ಇದನ್ನು ಮಾಡಿದವರಾರು?’ ಎಂದರೆ, ಬೆರಳು ಸಮುದ್ರದಾಚೆಗೇ ತಿರುಗುವುದು.